ಸಸ್ಯವಿಜ್ಞಾನಿ ಹಾನ್ಸ್ ಮೋಲಿಷ್

ಸಕ್ಕರೆಯ ದ್ರಾವಣಕ್ಕೆ ಆಲ್ಫಾ ನ್ಯಾಫ್ತಾಲನ್ನು ಬೆರೆಸಿ, ಪ್ರನಾಳದ ಅಂಚಿನಿಂದ ಗಂಧಕಾಮ್ಲವನ್ನು ಮೆಲ್ಲನೆ ಇಳಿಬಿಟ್ಟರೆ ದ್ರವಗಳು ಕೂಡುವೆಡೆಯಲ್ಲಿ ನೇರಿಳೆಯ ಉಂಗುರವೊಂದು ಮೂಡುತ್ತದೆ. ವಿಜ್ಞಾನದ ವಿದ್ಯಾರ್ಥಿಗಳು ಬಲ್ಲ ಈ ಪರೀಕ್ಷೆಯನ್ನು ಕಂಡುಕೊಟ್ಟವರು ಹಾನ್ಸ್ ಮೋಲಿಷ್. ಅವರ ಮತ್ತೊಂದು ಶೋಧನೆಯೂ ಅಷ್ಟೇ ಸ್ಮರಣೀಯವಾದುದು.

ಮೋಲಿಷರು 1856ರ ಡಿಸೆಂಬರ್ 6ರಂದು ಮೊರಾವಿಯದ ಬ್ರನೋ ನಗರದಲ್ಲಿ, ತೋಟಗಾರಿಕೆಯ ಮನೆತನವೊಂದರಲ್ಲಿ ಜನಿಸಿದರು. ವಿಯೆನ್ನಾದಲ್ಲಿ ವ್ಯಾಸಂಗ ಮಾಡಿ, 1894ರಲ್ಲಿ ಪ್ರಾಗಿನ ಜರ್ಮನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು.

ಹಸುರು ಗಿಡವು ಬೆಳಕು, ನೀರು, ಇಂಗಾಲದ ಡೈ ಆಕ್ಸೈಡುಗಳಿಂದ ಆಹಾರವನ್ನು ರಚಿಸಿ ಆಮ್ಲಜನಕವನ್ನು ಹೊರಬಿಡುತ್ತದೆ. ಕೆನ್ನೇರಳೆ ಬ್ಯಾಕ್ಟೀರಿಯಗಳು ಬೆಳಕಿಗೆ ಸ್ಪಂದಿಸುವುದನ್ನು 1883ರಲ್ಲಿ ಕಂಡ ಎಂಗೆಲ್‌ಮನ್ನರು, ಮುಂದೆ ಅವೂ ಗಿಡಗಳಂತೆಯೇ ಆಮ್ಲಜನಕವನ್ನು ಬಿಡುವುವೆಂದು ಪ್ರತಿಪಾದಿಸಿದ್ದರು. ಹಿರಿಯರ ಮಾತೆಂದು ಮೋಲಿಷರು ತಲೆದೂಗಲಿಲ್ಲ. ಸಾವಯವ ಪದಾರ್ಥಗಳನ್ನು ನೀರಿನ ಗಾಜಿನ ಪಾತ್ರೆಗಳಲ್ಲಿರಿಸಿ, ಬೆಳಕಿಗೊಡ್ಡಿ, ಆ ಜೀವಿಗಳನ್ನು ಬೆಳೆಸಿ ಪರೀಕ್ಷಿಸಿದರು. ಆಮ್ಲಜನಕದ ಸುಳಿವೇ ಕಾಣಲಿಲ್ಲ. ಬೆಳಕಿನೊಡನೆ ಅವಕ್ಕೆ ಸಾವಯವ ಆಹಾರವೂ ಬೇಕೆಂದು 1907ರ ತಮ್ಮ ಗ್ರಂಥದಲ್ಲಿ ಸ್ಥಾಪಿಸಿದರು.

ಅಡುಗೆಗೆ ಒಲೆಯ ಉರಿ ಬೇಕು, ಅಕ್ಕಿಬೇಳೆಯೂ ಬೇಕು. ಅಂತೆಯೇ ಈ ಜೀವಿಗಳಿಗೆ ಬೆಳಕು ಶಕ್ತಿಯನ್ನೀಯುತ್ತದೆ. ಒಡಲನ್ನು ಕಟ್ಟುವ ಇಂಗಾಲವು ಅಸಿಟಿಕ್ ಆಮ್ಲದಂತಹ ಸಾವಯವ ವಸ್ತುಗಳಿಂದ ಒದಗುತ್ತದೆ. ನೀರನ್ನು ಒಡೆಯದ ಕಾರಣ ಆಮ್ಲಜನಕವು ಹುಟ್ಟದು.

ಆದರೆ ಕೆನ್ನೇರಳೆ ಬ್ಯಾಕ್ಟೀರಿಯಗಳೆಲ್ಲಕ್ಕೂ ಸಾವಯವ ಆಹಾರವು ಅನಿವಾರ್ಯವೆಂದು ಮೋಲಿಷರು ಭಾವಿಸಿದ್ದು ಸರಿಯಾಗಲಿಲ್ಲ. ಅವುಗಳಲ್ಲಿ ಗಂಧಕವನ್ನು ಬಳಸುವ ಪಂಗಡವು ಹೈಡ್ರೋಜನ್ ಸಲ್ಫೈಡಿನ ನೆರವಿನಿಂದ, ಸಾವಯವ ಆಹಾರವಿಲ್ಲದೆಯೂ ಬೆಳೆಯಬಲ್ಲುದೆಂಬುದನ್ನು 1931ರಲ್ಲಿ ವಾನ್ ನೀಲರು ವಿಶದಪಡಿಸಿದರು. ಹಿರಿಯರನ್ನು ತಿದ್ದಿದವರು ಕಿರಿಯರಿಂದ ತಿದ್ದಲ್ಪಟ್ಟರು. ಶಾಸ್ತ್ರವು ಬೆಳೆಯುವ ಬಗೆಯೇ ಇದು.

ಎಲೆ ಕೊಳೆಯುವ, ಬಿಸಿಲು ತಾಗುವ ಕೆಸರು ಈ ಜೀವಿಗಳ ಸಹಜ ನೆಲೆ. ತುಮಕೂರಿನ ಅಮಾನಿಕೆರೆ, ಗುಬ್ಬಿಯ ಕೆರೆ, ಜನಪದರು ಹಾಡಿ ಹೊಗಳಿದ ಕುಣಿಗಲ ಕೆರೆ ಮೊದಲಾದೆಡೆಗಳಿಂದ ಹಿಡಿ ಕೆಸರನ್ನೂ ಒಂದಿಷ್ಟು ಒಣಹುಲ್ಲನ್ನೂ ತಂದು, ಸೀಸೆಯ ಕಂಠದವರೆಗೂ ನೀರು ತುಂಬಿ ಮುಚ್ಚಿ, ಬೆಳಕಿನ ಕಿಟಕಿಯಲ್ಲಿ ಕೆಲವು ವಾರ ಇರಿಸಿ ನೋಡಬಹುದು. ನಸುಗೆಂಪು ಮೂಡಿದರೆ ಮೋಲಿಷರ ಪಾತ್ರೆಯೇ ಶಾಲೆಗೆ ಬಂದಂತೆ.

ಅವರು 1909ರಿಂದ 1928ರವರೆಗೆ ವಿಯೆನ್ನಾದಲ್ಲಿ ಬೋಧಿಸಿದರು. ನಡುವೆ ಜಪಾನಿನ ಸೆಂಡಾಯಿಯಲ್ಲಿಯೂ ಪಾಠ ಹೇಳಿದರು. ನಿವೃತ್ತರಾದ ಬಳಿಕ ಜಗದೀಶಚಂದ್ರ ಬೋಸರ ಕಲ್ಕತ್ತೆಯ ಸಂಶೋಧನಾಲಯಕ್ಕೆ ಬಂದು, ಎಪ್ಪತ್ತು ದಾಟಿದ ವಯಸ್ಸಿನಲ್ಲಿಯೂ ಭಾರತದ ಗಿಡಮರಗಳನ್ನು ವಿದ್ಯಾರ್ಥಿಯಂತೆ ಅಭ್ಯಸಿಸಿದರು. 1937ರ ಡಿಸೆಂಬರ್ 8ರಂದು ವಿಯೆನ್ನಾದಲ್ಲಿ ದಿವಂಗತರಾದರು.