ದಮ್ಮನ್ನು ಅಳೆದ ವಿಜ್ಞಾನಿ

ಏರುದಾರಿಯಲ್ಲಿ ನಡೆಯುವಾಗ ಒಬ್ಬರಿಗೆ ನಾಲ್ಕು ಹೆಜ್ಜೆಗೇ ಏದುಸಿರು ಬರುತ್ತದೆ. ಮತ್ತೊಬ್ಬರು ಮಾತನಾಡುತ್ತಲೇ ಏರಿಬಿಡುತ್ತಾರೆ. ಎರಡನೆಯವರಿಗೆ ದಮ್ಮು ಇದೆ ಎಂದು ಉತ್ತರ ಕರ್ನಾಟಕದ ಜನ ಹೇಳುವುದುಂಟು. ಈ ದಮ್ಮನ್ನು ಅಳೆಯಲು ಸಾಧ್ಯವೆ? ಮೈತುಂಬಿದ ಬಾಲಕಿಯೊಬ್ಬಳು ಓಟದಲ್ಲಿ ಹಿಂದೆ ಬಿದ್ದರೆ, ಅವಳ ಹೃದಯವೂ ಶ್ವಾಸಕೋಶಗಳೂ ದುರ್ಬಲವೆಂದು ತೀರ್ಮಾನಿಸುವುದು ನ್ಯಾಯವೆ? ವಿಜಯಪುರದ ಪಶ್ಚಿಮಕ್ಕಿರುವ ತೊರವಿ, ಕುಮಾರ ವಾಲ್ಮೀಕಿಯ ರಾಮಾಯಣದಿಂದ ಕನ್ನಡಿಗರಿಗೆ ಚಿರಪರಿಚಿತವಾದ ಊರು. ಅಲ್ಲೀಗ ಕರ್ನಾಟಕ ರಾಜ್ಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾನಿಲಯದ ಆವರಣವಿದೆ. ದೈಹಿಕ ಶಿಕ್ಷಣವೂ ಅಲ್ಲಿಯ ಅಧ್ಯಯನ ವಿಷಯಗಳಲ್ಲೊಂದು. ಈ ಶಾಸ್ತ್ರವನ್ನು ಎಲ್ಲಿಯೇ ಓದಲಿ, ಓದುವವರು ಎ.ವಿ. ಹಿಲ್ ಎಂಬ ಹೆಸರನ್ನು ದಾಟಿ ಮುಂದೆ ಹೋಗಲಾರರು.

ಆರ್ಚಿಬಾಲ್ಡ್ ವಿವಿಯನ್ ಹಿಲ್ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 1886ರ ಸೆಪ್ಟೆಂಬರ್ 26ರಂದು ಜನಿಸಿದರು. ತಮ್ಮ ಹೆಸರು ಅವರಿಗೆ ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಆದುದರಿಂದ ಜೀವನದುದ್ದಕ್ಕೂ ಎ.ವಿ. ಎಂಬ ಎರಡಕ್ಷರಗಳಿಂದಲೇ ಕರೆಯಿಸಿಕೊಂಡರು. ಅವರು ಚಿಕ್ಕ ಮಗುವಾಗಿದ್ದಾಗಲೇ ತಂದೆ ಸಂಸಾರವನ್ನು ತೊರೆದುಹೋದರು. ತಾಯಿಯೇ ಮಕ್ಕಳನ್ನು ಸಾಕಿ, ಮೊದಲ ಪಾಠಗಳನ್ನೂ ತಾನೇ ಹೇಳಿಕೊಟ್ಟಳು. ವಿದ್ಯಾರ್ಥಿವೇತನದ ಬಲದಿಂದ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜನ್ನು ಸೇರಿದ ಹಿಲ್ ಗಣಿತದ ಕಠಿಣ ಪರೀಕ್ಷೆಯಲ್ಲಿ ಮೂರನೆಯ ಸ್ಥಾನ ಗಳಿಸಿದರು. ಆದರೆ ಅವರ ಮನಸ್ಸು ಗಣಿತದಲ್ಲಿ ನಿಲ್ಲಲಿಲ್ಲ. ಗುರುಗಳಾದ ವಾಲ್ಟರ್ ಫ್ಲೆಚರ್ ಅವರ ಪ್ರೇರಣೆಯಿಂದ ಶರೀರಕ್ರಿಯಾವಿಜ್ಞಾನದತ್ತ ತಿರುಗಿದರು. ಕಪ್ಪೆಯ ಕಾಲಿನ ಸ್ನಾಯು ಸಂಕುಚಿಸಿದಾಗ ಹುಟ್ಟುವ ಅತ್ಯಲ್ಪ ಉಷ್ಣವನ್ನು ಸೂಕ್ಷ್ಮ ಉಪಕರಣಗಳಿಂದ ಅಳೆದರು. ಸಂಕೋಚ ಮುಗಿದ ಮೇಲೂ ಸ್ನಾಯು ಚೇತರಿಸಿಕೊಳ್ಳುವಾಗ ಉಷ್ಣವನ್ನು ಬಿಡುತ್ತದೆ, ಆ ಚೇತರಿಕೆಗೆ ಆಮ್ಲಜನಕ ಬೇಕು ಎಂಬುದನ್ನು ತೋರಿಸಿದರು. ಈ ಕಾರ್ಯಕ್ಕಾಗಿ 1922ನೆಯ ವರ್ಷದ ನೊಬೆಲ್ ಪಾರಿತೋಷಕ ಅವರಿಗೂ ಜರ್ಮನಿಯ ಓಟೋ ಮೇಯರ್‌ಹಾಫ್ ಅವರಿಗೂ ಸಂದಿತು. ಆ ಎರಡು ದೇಶಗಳು ಮಹಾಯುದ್ಧದಲ್ಲಿ ಹೋರಾಡಿ ಆಗ ನಾಲ್ಕೇ ವರ್ಷಗಳಾಗಿದ್ದುವು.

ಕಪ್ಪೆಯಿಂದ ಮನುಷ್ಯನಿಗೆ ಬರಲು ಅವರಿಗೆ ಬಹಳ ಕಾಲ ಹಿಡಿಯಲಿಲ್ಲ. ಸ್ವತಃ ಓಟಗಾರರಾಗಿದ್ದ ಹಿಲ್ ಮ್ಯಾಂಚೆಸ್ಟರಿನಲ್ಲಿ ಪ್ರಾಧ್ಯಾಪಕರಾಗಿದ್ದಾಗ ತಮ್ಮನ್ನೇ ಪ್ರಯೋಗಕ್ಕೆ ಒಡ್ಡಿಕೊಂಡರು. ಬೆನ್ನಿಗೆ ದೊಡ್ಡ ಗಾಳಿಚೀಲವನ್ನು ಕಟ್ಟಿಕೊಂಡು, ಬಿಟ್ಟ ಉಸಿರೆಲ್ಲ ಅದರೊಳಗೆ ಸೇರುವಂತೆ ಮಾಡಿ, ಹುಲ್ಲಿನ ಹಾದಿಯಲ್ಲಿ ಸುತ್ತು ಸುತ್ತು ಓಡಿದರು. ಚೀಲದ ಗಾಳಿಯನ್ನು ಸಹೋದ್ಯೋಗಿ ಹಾರ್ಟ್ಲಿ ಲಪ್ಟನ್ ಅವರೊಡನೆ ಪರೀಕ್ಷಿಸಿ, ದೇಹ ಎಷ್ಟು ಆಮ್ಲಜನಕವನ್ನು ಬಳಸಿತೆಂದು ಲೆಕ್ಕಹಾಕಿದರು. ವೇಗ ಹೆಚ್ಚಿದಂತೆ ಬಳಕೆಯೂ ಹೆಚ್ಚುತ್ತ ಹೋಗಿ, ನಿಮಿಷಕ್ಕೆ 4 ಲೀಟರಿನ ಆಸುಪಾಸಿಗೆ ಬಂದು ನಿಂತುಬಿಟ್ಟಿತು. ಆಮೇಲೆ ಎಷ್ಟೇ ವೇಗವಾಗಿ ಓಡಿದರೂ ಅದು ಏರಲಿಲ್ಲ. ಹೃದಯ ಮತ್ತು ಶ್ವಾಸಕೋಶಗಳು ಪೂರೈಸಬಲ್ಲ ಮಿತಿ ಅದು. ಅದನ್ನು ಮೀರಿದ ದುಡಿಮೆಗೆ ಸ್ನಾಯುಗಳು ಸಾಲ ಮಾಡುತ್ತವೆ. ಓಟ ನಿಂತ ಮೇಲೆ ಏದುಸಿರಿನಿಂದ ಆ ಸಾಲ ತೀರುತ್ತದೆ. ಆಮ್ಲಜನಕದ ಸಾಲ ಎಂಬ ಹೆಸರನ್ನೇ ಹಿಲ್ ಅದಕ್ಕೆ ಇಟ್ಟರು. 1923ರಲ್ಲಿ ಇದೆಲ್ಲ ಪ್ರಕಟವಾಯಿತು. ದಮ್ಮಿಗೆ ಒಂದು ಅಳತೆ ದೊರೆತುದು ಹೀಗೆ.

ಹಿಲ್ ಅವರ ಓಟಗಾರರು ಸಪೂರ ಮೈಯವರು. ಸ್ಥೂಲಕಾಯರಿಗೆ ಈ ಅಳತೆಯನ್ನು ಅನ್ವಯಿಸುವಾಗ ಎದುರಾಗುವ ತೊಡಕನ್ನು ಬಿಡಿಸುವ ಹೊಣೆ ಮುಂದಿನವರ ಪಾಲಿಗೆ ಬಂತು. ಸಾಮಾನ್ಯವಾಗಿ ಬಳಸಿದ ಆಮ್ಲಜನಕವನ್ನು ದೇಹದ ತೂಕದಿಂದ ಭಾಗಿಸುತ್ತಾರೆ. 50 ಕಿಲೋ ತೂಕದ ಹುಡುಗಿಯೊಬ್ಬಳು ನಿಮಿಷಕ್ಕೆ 2 ಲೀಟರು ಬಳಸಿದಳೆನ್ನೋಣ. ಕಿಲೋ ಒಂದಕ್ಕೆ 40 ಮಿಲಿಲೀಟರು ಆಯಿತು. 80 ಕಿಲೋ ತೂಕದ ಇನ್ನೊಬ್ಬಳು 2.4 ಲೀಟರು ಬಳಸಿದರೂ ಅವಳ ಪಾಲಿಗೆ ಬರುವುದು 30 ಮಾತ್ರ. ಹೆಚ್ಚು ಬಳಸಿದವಳೇ ದುರ್ಬಲಳೆನಿಸಿದಳು! ಕೊಬ್ಬು ಆಮ್ಲಜನಕವನ್ನು ಬಳಸುವುದು ಅತ್ಯಲ್ಪ. ಭಾಗಾಕಾರದಲ್ಲಿ ಮಾತ್ರ ತನ್ನ ಪೂರ್ಣ ತೂಕದೊಡನೆ ಬಂದು ಕೂರುತ್ತದೆ. ಕೊಬ್ಬನ್ನು ಕಳೆದ ತೂಕ ಮೊದಲನೆಯವಳದು 40 ಕಿಲೋ, ಎರಡನೆಯವಳದು 48 ಕಿಲೋ ಎಂದಾದರೆ, ಇಬ್ಬರಿಗೂ ಸಿಗುವ ಅಂಕಿ 50. ಹಾಗೆಂದು ಮೊದಲ ಲೆಕ್ಕ ಸುಳ್ಳಲ್ಲ. ಏರುದಾರಿಯಲ್ಲಿ ಮೈಭಾರವನ್ನೆಲ್ಲ ಹೊರಲೇಬೇಕಾದ ಕಷ್ಟವನ್ನು ಅದು ಸರಿಯಾಗಿಯೇ ಹೇಳುತ್ತದೆ. ಹೃದಯದ ಬಲವನ್ನು ತಿಳಿಯಬೇಕಾದಾಗ ಅದೊಂದನ್ನೇ ನಂಬಿದರೆ ಮೋಸಹೋಗುತ್ತೇವೆ.

ಭಾರವಾದ ಮೈಯವರನ್ನು ದಮ್ಮು ಮುಗಿಯುವವರೆಗೆ ಓಡಿಸುವುದು ಕಷ್ಟ. ಕೆಲವರಿಗೆ ಅಪಾಯವೂ ಹೌದು. ಆದುದರಿಂದ ಮಿತವಾಗಿ ನಡೆಸಿ, ಇಲ್ಲವೆ ಸೈಕಲ್ಲು ತುಳಿಸಿ, ನಾಡಿಯ ಬಡಿತವನ್ನು ಎಣಿಸಿ ಗರಿಷ್ಠ ಶಕ್ತಿಯನ್ನು ಅಂದಾಜು ಮಾಡುತ್ತಾರೆ. ಸೈಕಲ್ಲಿನಲ್ಲಿ ಮೈಭಾರವನ್ನು ಬಹುಮಟ್ಟಿಗೆ ಆಸನವೇ ಹೊರುವುದರಿಂದ ಮೊಣಕಾಲುಗಳಿಗೆ ಶ್ರಮ ಕಡಿಮೆ. ಸಪೂರ ಮೈಯ ತರುಣರನ್ನು ಪರೀಕ್ಷಿಸಿ ಕಟ್ಟಿದ ಸೂತ್ರವನ್ನು ಇಂಥವರಿಗೆ ಹಾಗೆಯೇ ಹಚ್ಚಿದರೆ ಅಂದಾಜು ತಪ್ಪಬಹುದು. ಕೆಲವು ತಿಂಗಳು ನಡಿಗೆಯ ಅಭ್ಯಾಸ ಮಾಡಿದವರ ತೂಕ ಇಳಿಯದಿದ್ದರೂ ಹೃದಯದ ಶಕ್ತಿ ಏರಿರಬಹುದು. ತಕ್ಕಡಿ ಅದನ್ನು ತೋರಿಸದು, ಉಸಿರಿನ ಲೆಕ್ಕ ತೋರಿಸುತ್ತದೆ.

ಹಿಲ್ ತಮ್ಮ ತಪ್ಪನ್ನು ಒಪ್ಪಲು ಹಿಂಜರಿದವರಲ್ಲ. ಲ್ಯಾಕ್ಟಿಕ್ ಆಮ್ಲವೇ ಸ್ನಾಯುವಿನ ಸಂಕೋಚಕ್ಕೆ ಕಾರಣವೆಂಬ ನಂಬಿಕೆ 1930ರ ಸುಮಾರಿಗೆ ಡೆನ್ಮಾರ್ಕಿನ ಲುಂಡ್ಸ್‌ಗಾರ್ಡ್ ಅವರ ಪ್ರಯೋಗದಿಂದ ಕುಸಿದಾಗ, ಅದನ್ನು ಸ್ನಾಯುಶಾಸ್ತ್ರದಲ್ಲಾದ ಕ್ರಾಂತಿಯೆಂದು ತಾವೇ ಬರೆದು ಸಾರಿದರು. 1933ರಲ್ಲಿ ಹಿಟ್ಲರನ ಆಡಳಿತ ಯೆಹೂದಿ ವಿದ್ವಾಂಸರನ್ನು ಹೊರದೂಡತೊಡಗಿದಾಗ ಅವರ ನೆರವಿಗೆ ಮುಂದಾದವರಲ್ಲಿ ಹಿಲ್ ಒಬ್ಬರು. 1935ರಲ್ಲಿ ಬರಿಗೈಯಲ್ಲಿ ಬಂದ ಬರ್ನಾರ್ಡ್ ಕಾಟ್ಜ್ ಎಂಬ ತರುಣನಿಗೆ ತಮ್ಮ ಪ್ರಯೋಗಶಾಲೆಯಲ್ಲಿ ಎಡೆಮಾಡಿಕೊಟ್ಟರು. ಆತನಿಗೂ 1970ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

1943ರ ಕೊನೆಯಲ್ಲಿ ಭಾರತಕ್ಕೆ ಬಂದ ಹಿಲ್ ಕೆಲವು ತಿಂಗಳು ಇಲ್ಲಿಯ ವಿಜ್ಞಾನ ಸಂಸ್ಥೆಗಳನ್ನು ಸುತ್ತಿ ನೋಡಿ ವರದಿ ಸಲ್ಲಿಸಿದರು. ಇಡೀ ದೇಶಕ್ಕೆ ಮಾದರಿಯಾಗಬಲ್ಲ ದೊಡ್ಡ ವೈದ್ಯಕೀಯ ಕೇಂದ್ರವೊಂದು ಬೇಕೆಂಬ ಸಲಹೆಯನ್ನು ಅವರು ನೀಡಿದ್ದರು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ 1956ರಲ್ಲಿ ಸ್ಥಾಪನೆಯಾಯಿತು. ಹಿಲ್ ತೊಂಬತ್ತು ವರ್ಷ ಬಾಳಿ, 1977ರ ಜೂನ್ 3ರಂದು ಕೇಂಬ್ರಿಜ್ಜಿನಲ್ಲಿ ತೀರಿಕೊಂಡರು.