ಡೋಗೆನ್ ಮತ್ತು ವೃದ್ಧ ಅಡಿಗೆಯವನು

ನಾವು ಧ್ಯಾನವೆನ್ನುವ ಮಾತೇ ಚೀನಕ್ಕೆ ಹೋಗಿ ಚಾನ್ ಎಂದಾಯಿತು. ಜಪಾನಿನಲ್ಲಿ ಜೆನ್ ಎಂದಾಯಿತು. ಆ ನಾಡಿನ ಜೆನ್ ಗುರುಗಳಲ್ಲಿ ಡೋಗೆನ್ ಅಗ್ರಗಣ್ಯನು.

ಆತನು 1200ರಲ್ಲಿ ಕ್ಯೋಟೋ ನಗರದಲ್ಲಿ ಜನಿಸಿದನು. ಎಳವೆಯಲ್ಲಿಯೇ ತಾಯಿ ತೀರಿಕೊಂಡಳು. ಆಕೆಯ ಉತ್ತರಕ್ರಿಯೆಯಲ್ಲಿ ಧೂಪದ ಹೊಗೆ ಮೇಲೆದ್ದು ಕರಗುವುದನ್ನು ಕಂಡ ಬಾಲಕನಿಗೆ ಎಲ್ಲವೂ ಅನಿತ್ಯವೆಂದು ತೋರಿತಂತೆ. 1213ರಲ್ಲಿ ಹಿಯೇ ಪರ್ವತದಲ್ಲಿ ಸಂನ್ಯಾಸ ಸ್ವೀಕರಿಸಿದನು. ಅಲ್ಲಿ ಒಂದು ಸಂದೇಹವು ಆತನನ್ನು ಬಾಧಿಸಿತು: ಸಕಲ ಜೀವಿಗಳಲ್ಲಿಯೂ ಬುದ್ಧತ್ವವು ಮೊದಲೇ ಇರುವುದಾದರೆ, ಸಾಧನೆಯ ಶ್ರಮವೇಕೆ? ಯಾರ ಉತ್ತರವೂ ಆತನಿಗೆ ಸಮಾಧಾನ ತರಲಿಲ್ಲ.

1223ರಲ್ಲಿ ಕಡಲು ದಾಟಿ ಚೀನಕ್ಕೆ ಹೋದನು. ಹಡಗು ಬಂದರಿನಲ್ಲಿದ್ದಾಗ ವೃದ್ಧ ಭಿಕ್ಷುವೊಬ್ಬನು ಅಣಬೆ ಕೊಳ್ಳಲು ಬಂದನು. ಆತನು ಮಠದ ಅಡಿಗೆಯ ಮುಖ್ಯಸ್ಥನು. ಈ ವಯಸ್ಸಿನಲ್ಲಿ ಧ್ಯಾನಾಧ್ಯಯನಗಳನ್ನು ಬಿಟ್ಟು ಅಡಿಗೆಯೇಕೆಂದು ಡೋಗೆನ್ ಕೇಳಿದನು. ವೃದ್ಧನು ನಕ್ಕು, ಸಾಧನೆಯೆಂದರೇನೆಂಬುದು ತರುಣನಿಗಿನ್ನೂ ತಿಳಿಯದೆಂದು ಹೇಳಿ, ಹೊತ್ತಾಯಿತೆಂದು ಹೊರಟುಹೋದನು.

ಆ ಮಾತು ಡೋಗೆನ್ನನ ಮನಸ್ಸಿನಲ್ಲಿ ನೆಟ್ಟಿತು. ಮುಂದೆ ರೂಜಿಂಗ್ ಎಂಬ ಗುರುವಿನ ಬಳಿ ಕಲಿತು 1227ರಲ್ಲಿ ಸ್ವದೇಶಕ್ಕೆ ಮರಳಿದನು. ಸಾಧನೆಯು ಬುದ್ಧತ್ವಕ್ಕೆ ಏರುವ ಮೆಟ್ಟಿಲಲ್ಲ, ಸಾಧನೆಯಲ್ಲಿಯೇ ಬುದ್ಧತ್ವವು ಬೆಳಗುತ್ತದೆಂದು ಬೋಧಿಸಿದನು. 1237ರಲ್ಲಿ ಮಠದ ಅಡಿಗೆಯವನ ಕರ್ತವ್ಯಗಳನ್ನು ಕುರಿತೇ ಒಂದು ಗ್ರಂಥವನ್ನು ಬರೆದು, ಅದರಲ್ಲಿ ಆ ವೃದ್ಧನನ್ನು ಕೃತಜ್ಞತೆಯಿಂದ ಸ್ಮರಿಸಿದನು. ‘ಶೋಬೋಗೆಂಜೋ’ ಆತನ ಮಹಾಕೃತಿ. 1244ರಲ್ಲಿ ಆತನು ಬೆಟ್ಟಗಳ ನಡುವೆ ಸ್ಥಾಪಿಸಿದ ಎಯ್‌ಹೇಜಿ ಮಠವು ಇಂದಿಗೂ ನಡೆಯುತ್ತಿದೆ. 1253ರಲ್ಲಿ ಆತನು ಕಾಲವಶನಾದನು.

ಧ್ಯಾನಕ್ಕೆ ಏಕಾಂತವೇ ಬೇಕೆಂದು ನಾವು ಭಾವಿಸುತ್ತೇವೆ. ಆದರೆ ಊಟದ ಡಬ್ಬಿಯನ್ನು ಮನಸ್ಸಿಟ್ಟು ತೊಳೆಯುವಾಗಲೂ ನಾವು ಡೋಗೆನ್ನನ ಶಿಷ್ಯರಾಗಬಲ್ಲೆವು.