ಟೊಮೆಟೊ ಹಿತ್ತಲಿನಿಂದ ಕೋಲ್ಮನ್ ತನಕ

ನಮ್ಮ ಮನೆ ಇರೋದು ಹೊಸನಗರ ತಾಲೂಕಿನ ಒಂದು ಮೂಲೆಯಲ್ಲಿ. ಅಡಿಕೆ ತೋಟ, ಒಂದಿಷ್ಟು ಗದ್ದೆ, ಮನೆ ಹಿಂದೆ ಹಿತ್ತಲು. ನಮ್ಮ ಕಡೆ ಟೊಮೆಟೊ ನೆಡೋರು ಮಳೆಗಾಲ ಮುಗಿದ ಮೇಲೆ ನೆಡ್ತಾರೆ. ಮಳೆಯಲ್ಲಿ ಅದು ಬದುಕಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಹೋದ ವರ್ಷ ಅಮ್ಮನಿಗೆ ಮಾತ್ರ, ಯಾವ ಜಾತಿಯೂ ಬದುಕಲ್ವಾ ಅಂತ ನೋಡೇ ಬಿಡೋಣ ಅನ್ನಿಸಿತು. ಮೇ ತಿಂಗಳಲ್ಲೇ ಒಂಬತ್ತು ಜಾತಿಯ ಸಸಿ ಎಬ್ಬಿಸಿದಳು. ಹೆಸರಘಟ್ಟದ ಅರ್ಕಾ ರಕ್ಷಕ್, ಅರ್ಕಾ ವಿಕಾಸ್, ಹಳೇ ಪೂಸಾ ರೂಬಿ, ಸಾಗರದ ಸಂತೆಯಲ್ಲಿ ಕೊಂಡ ಹಣ್ಣಿನಿಂದ ತೆಗೆದ ಹುಳಿ ನಾಟಿ, ತೀರ್ಥಹಳ್ಳಿಯ ಅತ್ತೆ ಮನೆಯಿಂದ ಬಂದ ಗೋಲಿ ಗಾತ್ರದ ಚೆರ್ರಿ, ಹೀಗೆ. ಒಂದೊಂದಕ್ಕೆ ಒಂದೊಂದು ಸಾಲು. ಸಾಲಿನ ತುದಿಗೆ ಅಡಿಕೆ ದಬ್ಬೆ, ಅದರ ಮೇಲೆ ನಂಬರು. ಹಳೇ ಡೈರಿಯೊಂದರಲ್ಲಿ ಹೂ ಬಿಟ್ಟ ದಿನ, ಕಾಯಿ ಕಚ್ಚಿದ ದಿನ, ರುಚಿ, ಸಿಪ್ಪೆ ದಪ್ಪ, ಎಲ್ಲ ಬರೆಯೋಕೆ ಶುರು ಮಾಡಿದಳು.

ಜೂನ್ ಕೊನೆಗೆ ಮಳೆ ಹಿಡಿಯಿತು. ಎಲೆಯಲ್ಲಿ ಬಿಸಿನೀರು ಸುರಿದ ಹಾಗೆ ಕಪ್ಪು ಮಚ್ಚೆ, ಅಡಿಯಲ್ಲಿ ಬಿಳಿ ಬೂಷ್ಟು, ಕಾಂಡ ಕಪ್ಪು, ಕಾಯಿ ಕಂದು. ಹತ್ತು ದಿನದಲ್ಲಿ ಏಳು ಸಾಲು ಹೋಯಿತು. ಮೂರು ರೋಗ ತಡೆಯುತ್ತೆ ಅಂತ ಹೆಸರಾದ ಅರ್ಕಾ ರಕ್ಷಕ್ ಕೂಡ ಹೋಯಿತು, ಯಾಕೆಂದರೆ ಇದು ಆ ಮೂರರಲ್ಲಿ ಇಲ್ಲದ ನಾಲ್ಕನೆಯದು. ಅಪ್ಪಯ್ಯ ಬಂದು ನೋಡಿ, ಇದು ಅಡಿಕೆಯ ಕೊಳೆ ಥರಾನೇ ಇದೆಯಲ್ಲ ಅಂದರು. ನನಗೆ ನಗು ಬಂತು. ಮರ ಎಲ್ಲಿ, ಟೊಮೆಟೊ ಗಿಡ ಎಲ್ಲಿ!

ಕಾಲೇಜಿಗೆ ವಾಪಸ್ ಬಂದ ಮೇಲೆ ಹುಡುಕಿ ನೋಡಿದೆ. ಅಪ್ಪಯ್ಯ ಹೇಳಿದ್ದೇ ಸರಿ. ಟೊಮೆಟೊ, ಆಲೂಗೆಡ್ಡೆಗೆ ಬರುವ ಅಂಗಮಾರಿ ರೋಗ ಮತ್ತು ಅಡಿಕೆಯ ಕೊಳೆರೋಗ ಎರಡೂ ಫೈಟಾಫ್ತೊರಾ ಅನ್ನೋ ಒಂದೇ ಕುಲದ ಜೀವಿಗಳ ಕೆಲಸ. ಗ್ರೀಕ್‌ನಲ್ಲಿ ಆ ಹೆಸರಿಗೆ ಗಿಡ ನಾಶಮಾಡುವುದು ಅಂತ ಅರ್ಥ. 1845ರಿಂದ ಐರ್ಲೆಂಡಿನಲ್ಲಿ ಆಲೂಗೆಡ್ಡೆ ಕೊಳೆಯಿಸಿ ಲಕ್ಷಾಂತರ ಜನರನ್ನ ಹಸಿವಿಗೆ ದೂಡಿದ್ದೂ ಇದೇ ಮನೆತನ. ಅಡಿಕೆಯ ಕೊಳೆಯ ಬಗ್ಗೆ ಓದ್ತಾ ಹೋದರೆ ಎಲ್ಲ ದಾರಿಯೂ ಒಬ್ಬ ಮನುಷ್ಯನ ಹತ್ತಿರ ಹೋಗಿ ನಿಲ್ಲುತ್ತೆ. ಅವರು ಲೆಸ್ಲಿ ಕೋಲ್ಮನ್.

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಓದಿ, ಜರ್ಮನಿಯ ಗಾಟಿಂಗೆನ್‌ಗೆ ಹೋಗಿ ಡಾಕ್ಟರೇಟ್ ಮಾಡಿದರು. ವಿಷಯ ಮಣ್ಣಿನ ಬ್ಯಾಕ್ಟೀರಿಯಾ ಸಾರಜನಕವನ್ನ ಹೇಗೆ ಬದಲಾಯಿಸುತ್ತೆ ಅನ್ನೋದು. ಅಡಿಕೆಗೂ ಅದಕ್ಕೂ ಏನೂ ಸಂಬಂಧ ಇಲ್ಲ. 1908ರಲ್ಲಿ, ಮೂವತ್ತರ ವಯಸ್ಸಲ್ಲಿ, ಮೈಸೂರು ಸಂಸ್ಥಾನಕ್ಕೆ ಬಂದರು. ಗಿಡದ ಶಿಲೀಂಧ್ರ, ಗಿಡದ ಹುಳ ಎರಡನ್ನೂ ನೋಡಿಕೊಳ್ಳೋ ಹುದ್ದೆ. ಅವರಿಗಿಂತ ಮೊದಲು ಬಂದಿದ್ದ ಅಡಾಲ್ಫ್ ಲೇಮನ್ ಅನ್ನೋ ರಸಾಯನ ತಜ್ಞರು ಹೆಬ್ಬಾಳದಲ್ಲಿ ಪ್ರಯೋಗ ಶುರು ಮಾಡಿದ್ದರು. ಅದಕ್ಕೆ 1899ರಲ್ಲಿ 30 ಎಕರೆ ಜಾಗ ಕೊಟ್ಟಿದ್ದು ಮಹಾರಾಣಿ ಕೆಂಪನಂಜಮ್ಮಣ್ಣಿಯವರು.

ಆಗ ಮಲೆನಾಡಿನ ದೊಡ್ಡ ತಲೆನೋವು ಕೊಳೆ. ಊರ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ, ಬಯಲುಸೀಮೆಯ ಗೆಳೆಯರಿಗಾಗಿ ಎರಡು ಮಾತು. ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಬೀಳುತ್ತೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆ ಬಿಡದೆ ಹೊಡೆದು, ಮಧ್ಯೆ ಸ್ವಲ್ಪ ಬಿಸಿಲು ಬಂದರೆ ಎಳೇ ಅಡಿಕೆಕಾಯಿಯ ಬುಡದಲ್ಲಿ ನೀರುಮಚ್ಚೆ ಏಳುತ್ತೆ. ಆಮೇಲೆ ಕಾಯಿ ಬಣ್ಣಗೆಟ್ಟು ಉದುರುತ್ತೆ. ಬೆಳಿಗ್ಗೆ ತೋಟಕ್ಕೆ ಹೋದರೆ ಮರದ ಬುಡದಲ್ಲಿ ಹಾಸಿದ ಹಾಗೆ ಕಾಯಿ ಬಿದ್ದಿರುತ್ತೆ. ವರ್ಷಕ್ಕೊಂದೇ ಬೆಳೆ. ಮದುವೆ, ಓದು, ಸಾಲದ ಕಂತು, ಎಲ್ಲ ಅದರ ಮೇಲೇ ನಿಂತಿರೋದು. ನನ್ನ ಕಾಲೇಜು ಫೀಜು ಸಹ.

ಕೋಲ್ಮನ್ ಬರೋಕೆ ಮೊದಲೂ ನಮ್ಮವರು ಕೈಕಟ್ಟಿ ಕೂತಿರಲಿಲ್ಲ. ಕೊಟ್ಟೆ ಕಟ್ಟುತ್ತಿದ್ದರು. ಅಂದರೆ ಹಾಳೆಯಿಂದಲೋ ಕರಡದಿಂದಲೋ ಟೋಪಿ ಥರ ಮಾಡಿ, ಮರ ಹತ್ತಿ, ಒಂದೊಂದು ಕೊನೆಗೂ ಮುಚ್ಚೋದು. ಕೊನೆ ನೆನೆಯಲ್ಲ, ಕೊಳೆ ಬರಲ್ಲ. ಉಪಾಯ ಸರಿಯಾಗೇ ಇತ್ತು. ಆದರೆ ಸಾವಿರಾರು ಕೊಟ್ಟೆ ಬೇಕು, ಪ್ರತಿ ವರ್ಷ ಹೊಸದು ಬೇಕು, ಕಟ್ಟೋಕೆ ಜನ ಬೇಕು. ದೊಡ್ಡ ತೋಟದವರು ಹೇಗೋ ಮಾಡಿಸಿಯಾರು, ಸಣ್ಣವರ ಗತಿ ಏನು?

ಕೋಲ್ಮನ್ ಮೊದಲು ರೋಗಕ್ಕೆ ಕಾರಣವಾದ ಜೀವಿಯನ್ನ ಗುರುತಿಸಿದರು. 1910ರಲ್ಲಿ ಕೊಳೆರೋಗದ ಬಗ್ಗೆ ಅವರ ವರದಿ ಬಂತು. ಆಮೇಲಿನ ನೂರು ವರ್ಷದಲ್ಲಿ ಅದು ಯಾವ ಪ್ರಭೇದ ಅನ್ನೋ ಬಗ್ಗೆ ಚರ್ಚೆ ನಡೆದಿದೆ, ಫೈಟಾಫ್ತೊರಾ ಅನ್ನೋದು ಮಾತ್ರ ಹಾಗೇ ಉಳಿದಿದೆ. (ಕಾಫಿಗೂ ಕೊಳೆರೋಗ ಅಂತ ಒಂದಿದೆ. ಹೆಸರು ಒಂದೇ, ಜೀವಿ ಬೇರೆ.) ಮದ್ದನ್ನ ಅವರು ಹೊಸದಾಗಿ ಕಂಡುಹಿಡಿಯಲಿಲ್ಲ, ಫ್ರಾನ್ಸಿನಿಂದ ತಂದರು. ಅಲ್ಲಿ ಬೋರ್ಡೋ ಸೀಮೆಯ ರೈತರು ರಸ್ತೆ ಪಕ್ಕದ ದ್ರಾಕ್ಷಿಗೆ ಕಳ್ಳರು ಕೈ ಹಾಕದಿರಲಿ ಅಂತ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ಎರಚಿದ ಸಾಲಿಗೆ ರೋಗ ಇಲ್ಲ, ಎರಚದ ಸಾಲಿಗೆ ರೋಗ ಇದೆ ಅನ್ನೋದನ್ನ ಮಿಲಾರ್ಡೆ ಅನ್ನೋ ಸಸ್ಯಶಾಸ್ತ್ರಜ್ಞ ಗಮನಿಸಿ 1885ರಲ್ಲಿ ಪ್ರಕಟಿಸಿದ. ಅದೇ ಬೋರ್ಡೋ ದ್ರಾವಣ.

ಆದರೆ ದ್ರಾಕ್ಷಿ ಬಳ್ಳಿ ಎದೆಮಟ್ಟಕ್ಕೆ ಇರುತ್ತೆ, ಅಡಿಕೆ ಮರ ಐವತ್ತು ಅಡಿ. ಫ್ರಾನ್ಸಿನ ಮಳೆ ಬೇರೆ, ಮಲೆನಾಡಿನ ಮಳೆ ಬೇರೆ. ಹೊಡೆದ ಮದ್ದು ಮಳೆಗೆ ತೊಳೆದು ಹೋದರೆ ಏನು ಪ್ರಯೋಜನ? ಕೋಲ್ಮನ್ ಅವರ ನಿಜವಾದ ಕೆಲಸ ಇರೋದು ಇಲ್ಲಿ. ದ್ರಾವಣಕ್ಕೆ ರಾಳ ಮತ್ತು ಸೋಡಾ ಸೇರಿಸಿ ಕಾಯಿಗೆ ಅಂಟಿಕೊಳ್ಳೋ ಹಾಗೆ ಮಾಡಿದರು. ಮಳೆಗೆ ಮುಂಚೆ ಒಂದು ಸಲ, ಮಳೆಗಾಲದ ಮಧ್ಯೆ ಮತ್ತೊಂದು ಸಲ ಹೊಡೆಯೋ ಪದ್ಧತಿ ಬಂತು. ಹೊಡೆದ ಮರ, ಹೊಡೆಯದ ಮರ ಎರಡನ್ನೂ ಹೋಲಿಸಿ ತೋರಿಸಿದರು. ತಿನ್ನೋ ಅಡಿಕೆಗೆ ನೀಲಿ ವಿಷ ಹೊಡೆಯೋಕೆ ಯಾವ ಯಜಮಾನನ ಮನಸ್ಸು ಒಪ್ಪುತ್ತೆ? ಭಾಷಣಕ್ಕೆ ಒಪ್ಪಲ್ಲ. ಪಕ್ಕದ ಸಾಲಿನಲ್ಲಿ ಕೊನೆ ತುಂಬಾ ಕಾಯಿ ನಿಂತಿರೋದನ್ನ ಕಣ್ಣಾರೆ ಕಂಡರೆ ಒಪ್ಪುತ್ತೆ.

ಇವತ್ತಿಗೂ ಅಪ್ಪಯ್ಯ ಮಾಡೋದು ಅದನ್ನೇ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಬೇರೆಬೇರೆ ಕದಡಿ, ತುತ್ತದ ನೀರನ್ನ ಸುಣ್ಣದ ನೀರಿಗೆ ಸುರೀಬೇಕು, ಉಲ್ಟಾ ಅಲ್ಲ. ಕಬ್ಬಿಣದ ಪಾತ್ರೆ ಮುಟ್ಟಿಸಬಾರದು. ಕೊನೆಗೆ ಉಜ್ಜಿದ ಚಾಕು ಅದ್ದಿ ನೋಡ್ತಾರೆ. ಅಲುಗು ಕೆಂಪಾದರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು ಅಂತ. ಕಬ್ಬಿಣ ತಾಮ್ರವನ್ನ ಹೊರಗೆ ತಳ್ಳೋ ಈ ಕ್ರಿಯೆಯನ್ನ ನಾವು ಮೊದಲ ಸೆಮಿಸ್ಟರ್‌ನಲ್ಲಿ ಮಾರ್ಕ್ಸಿಗಾಗಿ ಬಾಯಿಪಾಠ ಮಾಡಿದ್ವಿ. ಅಪ್ಪಯ್ಯ ಹತ್ತನೇ ಕ್ಲಾಸು.

ಕೋಲ್ಮನ್ ಕೊಳೆಗೇ ನಿಲ್ಲಲಿಲ್ಲ. ಜೋಳದ ಹೊಲ ತಿಂದುಹಾಕುತ್ತಿದ್ದ ರೆಕ್ಕೆ ಇಲ್ಲದ ಮಿಡತೆಯ ಬೆನ್ನು ಹತ್ತಿದರು. ಆ ಮಿಡತೆಯ ಕುಲಕ್ಕೆ ಕೋಲ್ಮೇನಿಯಾ ಅಂತ ಅವರ ಹೆಸರೇ ಬಿತ್ತು. ಹುಳಗಳ ಕೆಲಸದಲ್ಲಿ ಜೊತೆಗಿದ್ದವರು ಕುಞ್ಞಿಕಣ್ಣನ್ ಅನ್ನೋ ಕೀಟಶಾಸ್ತ್ರಜ್ಞರು. ಮುಂದೆ ಕೋಲ್ಮನ್ ಸಂಸ್ಥಾನದ ಕೃಷಿ ಇಲಾಖೆಯ ಮೊದಲ ನಿರ್ದೇಶಕರಾದರು. ವಿಶ್ವೇಶ್ವರಯ್ಯ ದಿವಾನರಾಗಿದ್ದ ಕಾಲ ಅದು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು. ಅದೇ ನೆಲದ ಮುಂದಿನ ಕತೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ.

ಅಮ್ಮನಿಗೆ ಹೇಳಿದಾಗ ಅವಳಿಗೆ ಇಷ್ಟವಾಗಿದ್ದು ರಾಗಿಯ ಕತೆ. ಒಳ್ಳೇ ತೆನೆ ಆರಿಸೋದು, ಒಂದೊಂದು ತೆನೆಯ ಬೀಜಕ್ಕೆ ಒಂದೊಂದು ಸಾಲು ಬಿಡೋದು, ಯಾವ ಸಾಲು ಹೆಚ್ಚು ಕೊಡುತ್ತೆ ಅಂತ ವರ್ಷವರ್ಷ ಹೋಲಿಸಿ ನೋಡೋದು, ಉಳಿದದ್ದನ್ನ ಬಿಡೋದು. ಹೆಬ್ಬಾಳದಲ್ಲಿ ಕೋಲ್ಮನ್ ಕಾಲದಲ್ಲಿ ಹೀಗೆ ಆರಿಸಿದ ರಾಗಿಗಳಲ್ಲಿ ಎಚ್-22 ಹೆಸರು ಮಾಡಿದ್ದು. ಅಮ್ಮನ ಡೈರಿಗೂ ಅದಕ್ಕೂ ದೊಡ್ಡ ವ್ಯತ್ಯಾಸ ಏನಿಲ್ಲ, ಸಾಲುಗಳ ಲೆಕ್ಕ ಬಿಟ್ಟರೆ.

1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಅವರ ಕಾಲದಲ್ಲೇ ಆಯಿತು. ಮಂಡ್ಯದ ಕಡೆ ನಾಲೆಯ ನೀರು ಬಂದಾಗ ಕಬ್ಬಿನ ಕೆಲಸ, 1933ರ ಸಕ್ಕರೆ ಕಾರ್ಖಾನೆ, ಅದರಲ್ಲೂ ಅವರಿದ್ದರು. 1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದರು. ಅಲ್ಲಿ ಮತ್ತೆ ಗಿಡಗಳ ರೋಗದ ಸಂಶೋಧನೆಗೇ ಕೂತರು. ತೀರಿಕೊಂಡಿದ್ದು 1954ರಲ್ಲಿ. ನಮ್ಮ ಕಾಲೇಜಿನಲ್ಲಿ ವಿಶ್ವೇಶ್ವರಯ್ಯನವರ ಫೋಟೊ ಇಲ್ಲದ ಬ್ಲಾಕ್ ಇಲ್ಲ. ಅದು ಸರಿಯೇ. ಆದರೆ ಅಡಿಕೆ ದುಡ್ಡಲ್ಲಿ ಓದೋಕೆ ಬಂದ ಸಾಗರ, ಹೊಸನಗರ, ತೀರ್ಥಹಳ್ಳಿ ಹುಡುಗರಿಗೂ ಕೋಲ್ಮನ್ ಹೆಸರು ಗೊತ್ತಿಲ್ಲ. ಹಾಸ್ಟೆಲ್‌ನಲ್ಲಿ ಹನ್ನೊಂದು ಜನರನ್ನ ಕೇಳಿದೆ, ಒಬ್ಬನಿಗೂ ಗೊತ್ತಿರಲಿಲ್ಲ. ಹೋದ ವರ್ಷದ ತನಕ ನನಗೂ ಗೊತ್ತಿರಲಿಲ್ಲ ಅನ್ನಿ.

ಕೊಳೆ ಏನೂ ಸತ್ತು ಹೋಗಿಲ್ಲ. ಮಳೆ ಜಾಸ್ತಿಯಾದ ವರ್ಷ ಎರಡು ಸಲ ಹೊಡೆದರೂ ಸಾಲಲ್ಲ. ಮೂರನೇದು ಹೊಡೆಯೋಣ ಅಂದರೆ ಬಿಡುವು ಸಿಗಲ್ಲ, ಜಾರೋ ಮರ ಹತ್ತೋಕೆ ಕೊನೆಗೌಡರು ಸಿಗಲ್ಲ. ಈಗ ಕೆಲವರು ನೆಲದಲ್ಲೇ ನಿಂತು ಉದ್ದ ದೋಟಿಯಿಂದ ಹೊಡೀತಾರೆ. ಪ್ರಾಜೆಕ್ಟ್‌ಗೆ ವಿಷಯ ಹುಡುಕ್ತಾ ಇರೋ ಮೆಕ್ಯಾನಿಕಲ್‌ನವರು ಒಂದು ಸಲ ಜುಲೈಯಲ್ಲಿ ನಮ್ಮೂರಿಗೆ ಬನ್ನಿ.

ಈ ವರ್ಷ ಅಮ್ಮ ಮತ್ತೆ ಮೇನಲ್ಲೇ ನೆಟ್ಟಳು. ತೋಟಕ್ಕೆ ಹೊಡೆದು ಉಳಿದ ದ್ರಾವಣವನ್ನ ಪ್ರತಿ ಸಾಲಿನ ಅರ್ಧಕ್ಕೆ ಮಾತ್ರ ಹೊಡೆಸಿದಳು, ಇನ್ನರ್ಧ ಹಾಗೇ ಬಿಟ್ಟಳು. ಹೊಡೆದ ಅರ್ಧದಲ್ಲಿ ಆರು ಜಾತಿ ಆಗಸ್ಟ್ ತನಕ ನಿಂತವು. ಹೊಡೆಯದ ಅರ್ಧದಲ್ಲಿ ನಿಂತಿದ್ದು ತೀರ್ಥಹಳ್ಳಿಯ ಚೆರ್ರಿ ಒಂದೇ, ಹೋದ ವರ್ಷವೂ ಕೊನೆಗೆ ಉಳಿದ ಎರಡರಲ್ಲಿ ಅದೂ ಒಂದು. ಅದರ ಬೀಜವನ್ನ ಬೂದಿಯಲ್ಲಿ ಹೊರಳಿಸಿ, ಪೇಪರಿನಲ್ಲಿ ಕಟ್ಟಿ, ಅಟ್ಟದ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಬೇಕಾದವರು ಕೇಳಿ, ಒಂದು ಚಿಟಿಕೆ ತಂದುಕೊಡ್ತೀನಿ.